ನಾಟಿ ಅಂದರೆ ನಾಟಿದ್ದು

ನಂಜನಗೂಡಿನಲ್ಲಿ ದೇವಸ್ಥಾನದ ಬೀದಿಯ ತಳ್ಳುಗಾಡಿಯ ಮುಂದೆ ಹುಡುಗನೊಬ್ಬ ನಿಂತಿದ್ದ. ಮಾತಿನ ಧಾಟಿ ನೋಡಿದರೆ ಅಮೆರಿಕದಿಂದ ರಜಕ್ಕೆ ಬಂದವನು. "ಅಕ್ಕ, ಇದು ಅಥೆಂಟಿಕ್ ರಸಬಾಳೆನಾ?" ಅಂತ ಕೇಳಿದ. ಗೊನೆಯಿಂದ ಚಿಪ್ಪು ಬಿಡಿಸುತ್ತಿದ್ದಾಕೆ ತಲೆ ಎತ್ತಲಿಲ್ಲ. "ಆ ಜಾತಿ ನಮ್ತಾವ ಇಲ್ಲ ಕಣಪ್ಪ. ಇದು ನಾಟಿ" ಅಂದಳು.

ಹುಡುಗ ನಕ್ಕ. ನನಗೆ ನಗು ಬರಲಿಲ್ಲ. ಅವಳ ಉತ್ತರದಲ್ಲಿ ತಪ್ಪೇನಿದೆ? ಅವನು ಕೇಳಿದ್ದಕ್ಕೆ ಅವಳ ಬಳಿ ಮಾತು ಇತ್ತು, ಕೊಟ್ಟಳು. ಮಾತು ಇಲ್ಲದೆ ಸಾಲ ತಂದವನು ಅವನು. ಈಗ ಎಲ್ಲಿ ಹೋದರೂ ಇದೇ ಪದ. ಅಥೆಂಟಿಕ್ ಪುಳಿಯೋಗರೆ, ಅಥೆಂಟಿಕ್ ಮೈಸೂರು ಪಾಕು, ಅಥೆಂಟಿಕ್ ಮುದ್ದೆ. ಮುದ್ದೆಯಲ್ಲಿ ನಕಲಿ ಹೇಗೆ ಮಾಡುತ್ತಾರೋ ನನಗಂತೂ ಗೊತ್ತಿಲ್ಲ. ಅದರ ಜೊತೆಗೆ ಇನ್ನೊಂದು, "ಮಿಸ್ ಮಾಡ್ಕೊಳ್ತಾ ಇದೀನಿ". ಅಮ್ಮನನ್ನೂ ಮಿಸ್ ಮಾಡ್ಕೊಳ್ಳುತ್ತಾರೆ, ಒಬ್ಬಟ್ಟನ್ನೂ ಮಿಸ್ ಮಾಡ್ಕೊಳ್ಳುತ್ತಾರೆ, ಬಸ್ಸನ್ನೂ ಮಿಸ್ ಮಾಡ್ಕೊಳ್ಳುತ್ತಾರೆ. ಪರಸ್ಥಳದ ಊಟ ಒಗ್ಗದಿದ್ದರೆ "ಬಾಯಿ ಕೆಟ್ಟುಹೋಗಿದೆ" ಅನ್ನುತ್ತಿದ್ದರು ಹಿಂದಿನವರು. ಒಂದು ಚೂರು ಉಪ್ಪಿನಕಾಯಿಗಾಗಿ ಕೆಟ್ಟ ಬಾಯಿಯ ಪಾಡು ಆ ಮಾತಿನಲ್ಲಿತ್ತು.

ಇರಲಿ, ನನಗೆ ಬೇಕಾದದ್ದು ಗಾಡಿಯವಳ ಮಾತು. ನಮ್ಮ ಕಡೆ ನಾಟಿ ಅನ್ನುವುದು ಸಣ್ಣ ಪದವಲ್ಲ. ನಾಟಿ ಕೋಳಿ, ನಾಟಿ ಮೊಟ್ಟೆ, ನಾಟಿ ಹಸು, ನಾಟಿ ಟೊಮೆಟೊ, ನಾಟಿ ಕೊತ್ತಂಬರಿ, ನಾಟಿ ವೈದ್ಯ. ಉತ್ತರ ಕರ್ನಾಟಕದವರು ಇದನ್ನೇ ಜವಾರಿ ಅನ್ನುತ್ತಾರೆ, ಕರಾವಳಿಯವರು ಊರಕೋಳಿ ಅನ್ನುತ್ತಾರೆ. ಎದುರು ಪಕ್ಷದಲ್ಲಿ ಹಿಂದೆ ಸೀಮೆ ಇತ್ತು: ಸೀಮೆಹಸು, ಸೀಮೆಬದನೆ, ಸೀಮೆಎಣ್ಣೆ, ಸೀಮೆಸುಣ್ಣ. ಆಮೇಲೆ ಆ ಜಾಗಕ್ಕೆ ಫಾರಂ ಬಂತು, ಹೈಬ್ರಿಡ್ ಬಂತು. ಎದುರಾಳಿಗಳು ಬದಲಾದರು, ನಾಟಿ ಮಾತ್ರ ಕದಲಲಿಲ್ಲ.

ತಿ. ನರಸೀಪುರದ ಓದುಗರೊಬ್ಬರು, ನಿವೃತ್ತ ಮೇಷ್ಟ್ರು, ಹಿಂದೊಮ್ಮೆ ನನಗೆ ಕಾಗದ ಬರೆದು, ನಾಟಿ ಎಂಬುದು ಇಂಗ್ಲಿಷಿನ ನೇಟಿವ್ ಸವೆದು ಆದದ್ದು, ಆದ್ದರಿಂದ ಅದನ್ನು ಕನ್ನಡವೆಂದು ಮೆರೆಸಬೇಡಿ ಎಂದು ಎಚ್ಚರಿಸಿದ್ದರು. ಪಂಡಿತರಾದರೆ ನಾಡು ಎಂಬಲ್ಲಿಂದ ಹೊರಟು, ತಮಿಳರ ನಾಟ್ಟುಕೋಳಿಯನ್ನು ಸಾಕ್ಷಿಗೆ ಕರೆದು, ಅರ್ಧ ನಿಮಿಷದಲ್ಲಿ ಕೇಸು ಮುಗಿಸುತ್ತಾರೆ. ಅವರ ದಾರಿ ಅವರಿಗಿರಲಿ. ನನ್ನ ಅನುಮಾನ ಬೇರೆ. ನಾಟಿ ಬರೀ ನಾಡಿನ ಮಗುವಾಗಿದ್ದರೆ ನಾಡಹಬ್ಬವನ್ನು ನಾಟಿಹಬ್ಬ ಅನ್ನಬೇಕಿತ್ತು, ನಾಡಗೀತೆಗೆ ನಾಟಿಗೀತೆ ಎಂದು ಎದ್ದು ನಿಲ್ಲಬೇಕಿತ್ತು. ಪೊಲೀಸರು ಹಿಡಿಯುವುದು ಕೂಡ ನಾಡ ಬಂದೂಕನ್ನೇ, ನಾಟಿ ಬಂದೂಕನ್ನಲ್ಲ. ಹಬ್ಬ, ಹಾಡು, ಮದ್ದುಗುಂಡು ಎಲ್ಲ ನಾಡಿನ ಪಾಲು. ಹೊಲ, ಹಿತ್ತಲು, ಒಲೆ, ಬಾಯಿ ಇವಕ್ಕೆ ಸೇರಿದ್ದು ಮಾತ್ರ ನಾಟಿಯ ಪಾಲು. ಈ ಹಿಸ್ಸೆ ಯಾರು ಮಾಡಿದರು?

ನಾನು ಹೇಳುವುದು, ನರಸೀಪುರದ ಗದ್ದೆಯಲ್ಲಿ ಮಾಡಿದರು. ಕಾವೇರಿಯೂ ಕಪಿಲೆಯೂ ಕೂಡುವ ಆ ಸೀಮೆಯಲ್ಲಿ ನಾಲೆಗೆ ನೀರು ಬಿಟ್ಟಾಗ ನಾಟಿ ಅಂದರೆ ಕೋಳಿ ನೆನಪಾಗುವುದಿಲ್ಲ. ಒಟ್ಲಿನಿಂದ ಪೈರು ಕಿತ್ತು, ಕಟ್ಟು ಕಟ್ಟಿ, ಕೆಸರುಗದ್ದೆಗೆ ಒಯ್ದು ಹೆಂಗಸರು ಸಾಲಾಗಿ ಬಗ್ಗಿ ಊರುತ್ತಾರಲ್ಲ, ಅದು ನಾಟಿ. ಮುಳ್ಳು ನಾಟುತ್ತದೆ, ಮಾತು ನಾಟುತ್ತದೆ, ಪೈರು ನಾಟುತ್ತದೆ. ಎಲ್ಲಿಂದಲೋ ಬಂದದ್ದು ಒಂದು ಕಡೆ ಹೊಕ್ಕು ಮತ್ತೆ ಕದಲದೆ ನಿಂತರೆ ಅದು ನಾಟಿತು. ಈ ಎರಡು ನಾಟಿಗಳೂ ಒಂದೇ ಎಂಬುದು ನನ್ನ ಸಿದ್ಧಾಂತ. ಅಂದರೆ ನಾಟಿ ಎನ್ನಿಸಿಕೊಳ್ಳಲು ಇಲ್ಲೇ ಹುಟ್ಟಬೇಕಿಲ್ಲ, ಇಲ್ಲಿ ನೆಟ್ಟು ಹಿಡಿದರೆ ಸಾಕು. ಕೋಳಿಯನ್ನು ಯಾರು ನೆಟ್ಟರು ಎಂದು ಮೇಷ್ಟ್ರು ಕೇಳುತ್ತಾರೆ, ಗೊತ್ತು. ಆ ಒಂದು ಕೋಳಿಯನ್ನು ಬಿಟ್ಟುಬಿಡಿ ಸ್ವಾಮಿ, ಮಿಕ್ಕ ಸಂತೆಯೆಲ್ಲ ನನ್ನ ಕಡೆ ಇದೆ. ಟೊಮೆಟೊ ನೋಡಿ. ದಕ್ಷಿಣ ಅಮೆರಿಕದ ಗಿಡ. ಹಡಗೇರಿ ಬಂದು ನಮ್ಮ ಸಾರಿಗೆ ಬಿದ್ದು, ಇವತ್ತು ಹುಳಿಹುಳಿಯಾಗಿ ನಾಟಿ ಎಂಬ ಬಿರುದು ಹೊತ್ತು ಹೈಬ್ರಿಡ್ಡಿನ ಪಕ್ಕದ ಗುಡ್ಡೆಯಲ್ಲಿ ಕೂತಿದೆ.

ರಸಬಾಳೆಯಂತೂ ನನ್ನ ಪರವಾಗಿ ಪ್ರಮಾಣವನ್ನೇ ಮಾಡುತ್ತದೆ. ಅದಕ್ಕೆ ಬಿತ್ತುವ ಬೀಜವಿಲ್ಲ. ಎರಡು ಕಾಡುಬಾಳೆಯ ಕುಲಗಳು ಎಂದೋ ಬೆರೆತು ಹುಟ್ಟಿದ ಗಿಡ ಅದು, ಲೆಕ್ಕಕ್ಕೆ ಹಿಡಿದರೆ ಅದೇ ಹೈಬ್ರಿಡ್. ತಾಯಿಗಿಡದ ಬುಡದಿಂದ ಕಂದು ಕಿತ್ತು ಇನ್ನೊಂದು ಗುಣಿಯಲ್ಲಿ ನೆಟ್ಟರೇ ಅದರ ವಂಶ. ಯಾರೂ ನಾಟಿ ಮಾಡದ ನಂಜನಗೂಡು ರಸಬಾಳೆ ಲೋಕದಲ್ಲಿ ಹುಟ್ಟಿಯೇ ಇಲ್ಲ. ತಮಿಳರ ರಸ್ತಾಳಿ ಇದರ ಒಡಹುಟ್ಟು, ಆದರೆ ದೇವರಸನಹಳ್ಳಿ ಕಡೆಯ ಮಣ್ಣಿನಲ್ಲಿ ಬೆಳೆದದ್ದರ ಗಮ್ಮತ್ತೇ ಬೇರೆ ಎಂದು ನಮ್ಮವರ ವಾದ. ಸರ್ಕಾರವೂ ಒಪ್ಪಿ 2005–06ರಲ್ಲಿ ಭೌಗೋಳಿಕ ಗುರುತಿನ ಪಟ್ಟಿಗೆ ಸೇರಿಸಿತು. ತಿಂದವರಿಗೆ ಆ ಪಟ್ಟಿ ಬೇಕಿಲ್ಲ. ಗಿಡ್ಡ ಹಣ್ಣು, ಕಾಗದದಷ್ಟು ತೆಳು ಸಿಪ್ಪೆ. ಪೂರ್ತಿ ಮಾಗಿದಾಗ ಸಿಪ್ಪೆಯ ಮೇಲೆ ಕರಿ ಚುಕ್ಕೆ ಬಿದ್ದು ಹಣ್ಣು ಕೆಟ್ಟಿತೇನೋ ಅನ್ನಿಸುತ್ತದೆ. ಸುಲಿದರೆ ತಿರುಳು ಬಿಗಿಯಾಗಿಯೇ ಇರುತ್ತದೆ, ಸಿಹಿಯ ಹಿಂದೆ ಒಂದೆಳೆ ಹುಳಿ. ಚಿಪ್ಪನ್ನು ತೊಟ್ಟು ಹಿಡಿದು ಎತ್ತಿದಿರೋ, ತೊಟ್ಟು ಕೈಯಲ್ಲಿ, ಹಣ್ಣು ನೆಲದಲ್ಲಿ. ಅದಕ್ಕೇ ಗೊನೆಯನ್ನು ಸೂರಿಗೆ ತೂಗುಹಾಕಿ ಕೆಳಗೆ ಗೋಣಿತಾಟು ಹಾಸುತ್ತಿದ್ದರು.

ಈ ಗುಣದಿಂದಲೇ ಅದು ದೂರ ಹೋಗಲಾರದು. ಅಮೆರಿಕದ ಅಂಗಡಿಯಲ್ಲಿ ಸಿಗುವ ಬಾಳೆಹಣ್ಣು ಬಹುಪಾಲು ಒಂದೇ ಜಾತಿ, ಕ್ಯಾವೆಂಡಿಶ್. ನಮ್ಮ ಪಚ್ಚಬಾಳೆಯ ಬಳಗ. ಅಲ್ಲಿಯ ರಾಮನವಮಿಗೆ ಅದನ್ನೇ ಹೆಚ್ಚಿ, ಬೆಲ್ಲ, ತೆಂಗಿನತುರಿ, ಏಲಕ್ಕಿ ಹಾಕಿ ರಸಾಯನ ಮಾಡುತ್ತಾರೆ. ಬಡಿಸುವ ಹೊತ್ತಿಗೆ ಹೋಳು ಕರಗಿ ಪಾಯಸವಾಗಿರುತ್ತದೆ. ಪಾಪ, ಇನ್ನೇನು ಮಾಡಿಯಾರು? ರಸಬಾಳೆಯ ರಸಾಯನದಲ್ಲಿ ಬಿಲ್ಲೆ ಬಿಲ್ಲೆಯಾಗಿಯೇ ಉಳಿಯುತ್ತಿತ್ತು ಎಂಬುದನ್ನು ಅಲ್ಲಿ ಹುಟ್ಟಿದ ಮಕ್ಕಳಿಗೆ ಹೇಗೆ ತಿಳಿಸುವುದು!

ಆದರೆ ಬಾಯಿ ಕೆಟ್ಟದ್ದು ನಮ್ಮ ಹುಡುಗರಿಗೆ ಮಾತ್ರ ಅಲ್ಲ. ಕಳೆದ ಶತಮಾನದ ನಡುವಿನವರೆಗೆ ಅಮೆರಿಕದವರು ತಿನ್ನುತ್ತಿದ್ದದ್ದು ಗ್ರೋ ಮಿಶೆಲ್ ಎಂಬ ಬಾಳೆ. ಅದರ ತೋಟಗಳನ್ನು ಪನಾಮಾ ಸೊರಗು ರೋಗ ನುಂಗಿತು. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಹತ್ತಿ, ನೀರು ಏರುವ ದಾರಿ ಕಟ್ಟಿ, ಎಲೆ ಹಳದಿಯಾಗಿ ಜೋತುಬೀಳುವ ರೋಗ. ಒಮ್ಮೆ ಮಣ್ಣು ಹೊಕ್ಕರೆ ದಶಕಗಟ್ಟಲೆ ಬಿಡುವುದಿಲ್ಲ. ಅಲ್ಲಿ ಆ ಬಾಳೆಯ ಜಾಗಕ್ಕೆ ಕ್ಯಾವೆಂಡಿಶ್ ಬಂತು. ನಂಜನಗೂಡಿನ ರಸಬಾಳೆಯ ತೋಟಗಳನ್ನು ಬರಿದು ಮಾಡಿದ್ದೂ ಇದೇ ರೋಗ. ಹಳೆಯ ಹಣ್ಣಿನ ರುಚಿ ನೆನೆದು ಗೊಣಗಿದ ಅಲ್ಲಿಯ ಅಜ್ಜಂದಿರಿಗೂ ಇಲ್ಲಿಯ ಅಜ್ಜಂದಿರಿಗೂ ಶತ್ರು ಒಬ್ಬನೇ. ಬೀಜವಿಲ್ಲದ ಗಿಡ, ಒಂದೇ ಗಿಡದ ಸಾವಿರ ನಕಲು. ಒಂದು ಸೋತರೆ ಎಲ್ಲ ಸೋತಂತೆ. ರೋಗವೂ ಹರಡಿದ್ದು ಕಂದಿನ ಜೊತೆ, ಮಣ್ಣಿನ ಜೊತೆ. ಅದೂ ನಾಟಿಯೇ ಆಯಿತಲ್ಲ ಎಂದು ಮೇಷ್ಟ್ರು ಚುಚ್ಚಬಹುದು. ಚುಚ್ಚಲಿ.

ಊರಿನಲ್ಲಿದ್ದಾಗ ಈ ಹಣ್ಣನ್ನು ಯಾರು ಕೇಳುತ್ತಿದ್ದರು? ಹಿತ್ತಲ ಗಿಡ ಮದ್ದಲ್ಲ. ಈ ಗಾದೆಯನ್ನು ಎಲ್ಲರೂ ದೂರಿನಂತೆ ಹೇಳುತ್ತಾರೆ, ಭಾಷಣಕ್ಕೆ ಬಂದವರು ಹನಿಗಣ್ಣಾಗಿ ಹೇಳುತ್ತಾರೆ. ನನ್ನ ಅಜ್ಜಿಯ ಮನೆಯಲ್ಲಿ ಅದು ದೂರಾಗಿರಲಿಲ್ಲ, ವೈದ್ಯಶಾಸ್ತ್ರವಾಗಿತ್ತು. ನರಸೀಪುರದ ಕಡೆಯ ಊರು. ಬಚ್ಚಲ ನೀರು ಕಾಲುವೆಯಾಗಿ ಹೋಗಿ ಬಾಳೆಯ ಬುಡ ಸೇರುತ್ತಿತ್ತು. ಅದರ ಅಂಚಿಗೆ ದೊಡ್ಡಪತ್ರೆ, ತುಂಬೆ, ಒಂದೆಲಗ. ನಮಗೆ ಕೆಮ್ಮು ಬಂದರೆ ಅಜ್ಜಿ ಆ ದೊಡ್ಡಪತ್ರೆಯನ್ನು ಮುಟ್ಟುತ್ತಿರಲಿಲ್ಲ. "ಓಗ್ ಮಗ, ಪುಟ್ಟಮ್ಮತ್ತೆ ಹಿತ್ಲಿಂದ ನಾಲ್ಕೆಲೆ ಕಿತ್ಕಂಡ್ ಬಾ" ಅನ್ನುತ್ತಿದ್ದಳು. ಪುಟ್ಟಮ್ಮತ್ತೆಯ ಮೊಮ್ಮಕ್ಕಳಿಗೆ ಕೆಮ್ಮಾದರೆ ಅವರ ಮನೆಯ ಹುಡುಗಿ ನಮ್ಮ ಬೇಲಿ ದಾಟಿ ಬರುತ್ತಿದ್ದಳು. ಗಿಡ ಒಂದೇ, ಬಹುಶಃ ಒಂದೇ ಕಡ್ಡಿಯಿಂದ ನೆಟ್ಟದ್ದು. ಆದರೂ ತನ್ನ ಹಿತ್ತಲದ್ದು ಮದ್ದಲ್ಲ, ಪಕ್ಕದವರದ್ದು ಮದ್ದು. ಬೇಲಿಯ ಬಳಿ ಇಬ್ಬರೂ ಮಕ್ಕಳು ಎದುರಾದರೆ ಎಲೆ ಬದಲಾಯಿಸಿಕೊಂಡು ಓಡಿದ್ದೂ ಉಂಟು, ಅಜ್ಜಿಗೆ ಹೇಳುತ್ತಿರಲಿಲ್ಲ. ಕೆಮ್ಮು ವಾಸಿಯಾಗುತ್ತಿತ್ತು. ಮದ್ದಿನ ಅರ್ಧ ಗುಣ ತರಲು ನಡೆದ ದಾರಿಯಲ್ಲಿದೆ ಎಂದು ಅಜ್ಜಿ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವಳ ಲೆಕ್ಕ ಅದೇ ಇದ್ದಿರಬೇಕು. ಬೇಲಿಯಾಚೆಯ ಎಲೆಗೆ ಇಷ್ಟು ಗುಣವಿದ್ದರೆ, ಸಮುದ್ರದಾಚೆಗೆ ಕೂತವನಿಗೆ ನಂಜನಗೂಡಿನ ಹಣ್ಣು ಎಷ್ಟು ದೊಡ್ಡ ಔಷಧವಾಗಿ ಕಾಣಬೇಡ! ಹಿತ್ತಲ ಗಿಡವನ್ನು ಡಬ್ಬಿಗೆ ತುಂಬಿ ಮದ್ದು ಎಂದು ಒಪ್ಪಿಸಿದ ಊರೂ ಅದೇ ತಾನೆ. 1913ರಲ್ಲಿ ಬಿ. ವಿ. ಪಂಡಿತರು ಅಲ್ಲಿ ಕಟ್ಟಿದ ಸದ್ವೈದ್ಯಶಾಲೆಯ ಹಲ್ಲುಪುಡಿಯಿಂದ ಮೈಸೂರು ಸೀಮೆಯ ಎಷ್ಟು ಹಲ್ಲುಗಳು ಬೆಳಗಿದವೋ! ಪರದೇಶಕ್ಕೆ ಹೊರಟವರ ಪೆಟ್ಟಿಗೆಯಲ್ಲಿ ಆ ಕೆಂಪು ಪುಡಿಗೆ ಇಂದಿಗೂ ಒಂದು ಮೂಲೆ ಮೀಸಲು.

ಪುಡಿ ಹೋಗುತ್ತದೆ, ಹಣ್ಣು ಹೋಗುವುದಿಲ್ಲ. ವಿಮಾನ ಇಳಿದ ಮೇಲೆ ಅಲ್ಲಿಯವರು ಹಣ್ಣು, ಕಂದು, ಮಣ್ಣು ಹಿಡಿದವನನ್ನು ಸುಮ್ಮನೆ ಬಿಡುವುದಿಲ್ಲ. ಅದಕ್ಕೆ ನಮ್ಮವರು ಬಯ್ಯುತ್ತಾರೆ. ಬಯ್ಯಬಾರದು. ನಮ್ಮೂರಿನ ತೋಟಕ್ಕೂ ಅಂಥ ಒಬ್ಬ ಕಾವಲಿನವನು ಇದ್ದಿದ್ದರೆ ಎಂದು ನನಗನ್ನಿಸುತ್ತದೆ.

ಊರಿನ ರುಚಿಗೆ ಕಾವಲು ಹಾಕುವ ವಿಷಯದಲ್ಲಿ ಇಟಲಿಯ ನೇಪಲ್ಸ್‌ನವರು ಜಾಣರು. ಅವರ ಪಿಜ್ಜಾವನ್ನು ಜಗತ್ತೆಲ್ಲ ತನ್ನ ಮನಬಂದಂತೆ ಮಾಡತೊಡಗಿದಾಗ 1984ರಲ್ಲಿ ಸಂಘ ಕಟ್ಟಿ, ಹಿಟ್ಟು ಹೇಗೆ ತಟ್ಟಬೇಕು, ಒಲೆ ಎಂಥದಿರಬೇಕು ಎಂದೆಲ್ಲ ಕಟ್ಟಳೆ ಬರೆದರು. 2017ರಲ್ಲಿ ಯುನೆಸ್ಕೊ ಕೂಡ ಆ ತಟ್ಟುವ ಕಸುಬಿಗೆ ಮಾನ್ಯತೆ ಕೊಟ್ಟಿತು. ಪರದೇಶಕ್ಕೆ ಹೋದ ನೇಪಲ್ಸ್‌ನ ಹುಡುಗನಿಗೆ ಕಾಯಿಲೆ ಬೀಳುವಷ್ಟು ಊರಿನ ಪಿಜ್ಜಾ ನೆನಪಾದರೆ, ಕೊನೆಗೆ ಆ ಸಂಘದ ಬೋರ್ಡು ಹುಡುಕಿಕೊಂಡಾದರೂ ಹೋಗಬಹುದು. ಅದರ ಮೇಲಿನ ಟೊಮೆಟೊ ಅಲ್ಲಿಗೂ ಅಮೆರಿಕದಿಂದ ಬಂದು ನಾಟಿದ್ದೇ ಎಂಬುದನ್ನು ಮೇಷ್ಟ್ರು ಗಮನಿಸಬೇಕು.

ನಾವೇನು ಮಾಡಿದ್ದೇವೆ? ಹೆದ್ದಾರಿಯಲ್ಲಿ ಬೋರ್ಡು ಬರೆಸಿದ್ದೇವೆ, "ನಾಟಿ ಸ್ಟೈಲ್". ಕೋಳಿ ಫಾರಮ್ಮಿನದು, ಮಸಾಲೆ ಪ್ಯಾಕೆಟ್ಟಿನದು, ನಾಟಿಯಾಗಿರುವುದು ಸ್ಟೈಲು ಮಾತ್ರ. ಹಣ್ಣಿನ ಗಾಡಿಗೂ ಈ ಸ್ಟೈಲು ಬಂದಿದೆ. ಸಿಪ್ಪೆ ಹಳದಿಯಾಗಿ ಗಿಡ್ಡಗಿದ್ದದ್ದೆಲ್ಲ ರಸಬಾಳೆ. ಮೊದಲು ನಾಟಿ ಅನ್ನುವಾಗ ದನಿಯಲ್ಲಿ ಸ್ವಲ್ಪ ತಾತ್ಸಾರ ಇರುತ್ತಿತ್ತು. ಅದಕ್ಕೆ ಬೆಲೆ ಬಂದ ದಿನವೇ ಕಲಬೆರಕೆಯೂ ಬಂತು.

ರಜಕ್ಕೆ ಬರುವ ಮಕ್ಕಳಲ್ಲಿ ನನ್ನದೊಂದು ಮನವಿ. ಗಾಡಿಯವಳನ್ನು ಅಥೆಂಟಿಕ್ಕಾ ಎಂದು ಕೇಳಬೇಡಿ, ಯಾವ ಊರಿನ ತೋಟದ್ದು ಎಂದು ಕೇಳಿ. ಊರಿನಲ್ಲಿ ಅಪ್ಪ ಅಮ್ಮನಿಗೆ ಇನ್ನೂ ಹಿತ್ತಲು ಉಳಿದಿದ್ದರೆ, ಯಾರದೋ ತೋಟದ ಕಂದು ಕಿತ್ತು ತರದೆ, ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ ಅಂಗಾಂಶ ಕೃಷಿಯ ರೋಗವಿಲ್ಲದ ಸಸಿ ಎರಡು ತಂದು ನೆಟ್ಟು ಹೋಗಿ. ಗೊನೆ ಬರಲು ವರ್ಷದ ಮೇಲೆ ಬೇಕು, ನಿಮ್ಮ ಮುಂದಿನ ರಜಕ್ಕೆ ಸರಿಹೋಗುತ್ತದೆ.