ಯುವಜನರಲ್ಲಿ ಹಾರ್ಟ್ ಬ್ಲಾಕ್: ಕಾರಣಗಳು ಮತ್ತು ಪೇಸ್‌ಮೇಕರ್ ಚಿಕಿತ್ಸೆ

‘ಹಾರ್ಟ್ ಬ್ಲಾಕ್’ ಎಂದರೆ ರಕ್ತನಾಳದಲ್ಲಿ ಕೊಬ್ಬು ಕಟ್ಟುವುದೆಂದೇ ಬಹುತೇಕರ ತಿಳಿವಳಿಕೆ. ವೈದ್ಯಶಾಸ್ತ್ರದಲ್ಲಿ ಅದರ ಅರ್ಥವೇ ಬೇರೆ. ಹೃದಯದ ಮೇಲಿನ ಕೋಣೆಯಲ್ಲಿ ಹುಟ್ಟುವ ವಿದ್ಯುತ್ ಸಂಕೇತವು ಕೆಳಗಿನ ಕೋಣೆಗಳಿಗೆ ತಡವಾಗಿ ತಲುಪುವುದು ಅಥವಾ ತಲುಪದೇ ಹೋಗುವುದೇ ಹಾರ್ಟ್ ಬ್ಲಾಕ್. ಮೊದಲ ಹಂತದಲ್ಲಿ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ. ಕ್ರೀಡಾಪಟುಗಳಲ್ಲೂ ಅದು ಕಾಣುವುದುಂಟು. ಮೂರನೆಯ ಹಂತದಲ್ಲಿ ಸಂಪರ್ಕವೇ ಕಡಿದು, ನಾಡಿಮಿಡಿತ ನಿಮಿಷಕ್ಕೆ 40ಕ್ಕಿಂತ ಕೆಳಗಿಳಿಯಬಹುದು.

ಆಗ ದಣಿವು, ತಲೆಸುತ್ತು, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು ಕಂಡುಬರುತ್ತದೆ. ಬಿದ್ದಾಗ ಕೈಕಾಲು ಅದುರುವುದರಿಂದ ‘ಫಿಟ್ಸ್’ ಎಂದು ಭಾವಿಸಿ ವರ್ಷಗಟ್ಟಲೆ ಮೂರ್ಛೆರೋಗದ ಮಾತ್ರೆ ನುಂಗುವವರೂ ಇದ್ದಾರೆ. ಒಂದು ಇಸಿಜಿ ಈ ಗೊಂದಲವನ್ನು ಎಷ್ಟೋ ವೇಳೆ ಬಗೆಹರಿಸುತ್ತದೆ. ತಡೆ ಬಂದು ಹೋಗುವಂಥದಾದರೆ 24 ಗಂಟೆಗಳ ಹೋಲ್ಟರ್ ಪರೀಕ್ಷೆ ಬೇಕಾಗುತ್ತದೆ.

ವೃದ್ಧರಲ್ಲಿ ಇದು ವಯೋಸಹಜ ಸವೆತ. ಯುವಜನರಲ್ಲಿ ಕಾರಣ ಹುಡುಕಲೇಬೇಕು. ತಾಯಿಯ ರಕ್ತದಲ್ಲಿರುವ ಕೆಲವು ಪ್ರತಿಕಾಯಗಳು ಗರ್ಭಸ್ಥ ಶಿಶುವಿನ ಹೃದಯದ ವಾಹಕ ತಂತುಗಳನ್ನು ಕೆಡಿಸಿದರೆ ಹುಟ್ಟಿನಿಂದಲೇ ಬ್ಲಾಕ್ ಇರುತ್ತದೆ. ಹೃದಯದ ಶಸ್ತ್ರಚಿಕಿತ್ಸೆ, ಹೃದಯ ಸ್ನಾಯುವಿನ ಉರಿಯೂತ, ಡಿಫ್ತೀರಿಯಾ, ವಂಶವಾಹಿ ದೋಷ, ಕೆಲವು ಔಷಧಿಗಳೂ ಕಾರಣವಾಗಬಲ್ಲವು. 2011ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನವೊಂದರಲ್ಲಿ, ಕಾರಣ ತಿಳಿಯದ ಬ್ಲಾಕ್ ಇದ್ದ 55 ವರ್ಷದೊಳಗಿನ 72 ಮಂದಿಯಲ್ಲಿ 18 ಮಂದಿಗೆ ಸಾರ್ಕಾಯ್ಡೋಸಿಸ್ ಅಥವಾ ದೈತ್ಯಕೋಶ ಉರಿಯೂತವಿತ್ತು. ನಮ್ಮ ದೇಶದಲ್ಲಿ ಕ್ಷಯರೋಗವನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಬೇಕು. ಪೇಸ್‌ಮೇಕರ್ ಅಳವಡಿಸಿ ಮೂಲ ರೋಗವನ್ನು ಮರೆತರೆ ಹೃದಯ ದುರ್ಬಲವಾಗುತ್ತಲೇ ಹೋಗುತ್ತದೆ.

ಶರೀರದೊಳಗೆ ಮೊದಲ ಪೇಸ್‌ಮೇಕರ್ ಇರಿಸಿದ್ದು 1958ರಲ್ಲಿ, ಸ್ವೀಡನ್ನಿನಲ್ಲಿ. ಅದನ್ನು ಪಡೆದ ಆರ್ನೆ ಲಾರ್ಸನ್‌ಗೆ ಆಗ 43 ವರ್ಷ. 20ಕ್ಕೂ ಹೆಚ್ಚು ಸಾಧನ ಬದಲಿಸಿಕೊಂಡು 2001ರವರೆಗೆ ಬಾಳಿದರು. ಇಂದು ಕೊರಳೆಲುಬಿನ ಕೆಳಗೆ, ಸಾಮಾನ್ಯವಾಗಿ ಆ ಭಾಗಕ್ಕಷ್ಟೇ ಅರಿವಳಿಕೆ ಕೊಟ್ಟು, ಇದನ್ನು ಅಳವಡಿಸುತ್ತಾರೆ. ಬ್ಯಾಟರಿ ಸುಮಾರು 8ರಿಂದ 12 ವರ್ಷ ಬಾಳುತ್ತದೆ. ಅಂದರೆ 20ರ ಹರೆಯದವರು ಜೀವಮಾನದಲ್ಲಿ ಹಲವು ಬಾರಿ ಬದಲಿಸಬೇಕಾದೀತು. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ವಿವಾಹ, ಉದ್ಯೋಗ, ಗರ್ಭಧಾರಣೆಗೆ ಪೇಸ್‌ಮೇಕರ್ ಅಡ್ಡಿಯಲ್ಲ.

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರಿಗೆ ಕೋಲಾರದ ಜಿಲ್ಲಾ ಆಸ್ಪತ್ರೆ ಹಾಗೂ ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜು ಹತ್ತಿರ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಕೋಲಾರದಿಂದ ಸುಮಾರು 70 ಕಿ.ಮೀ. ಪ್ರಜ್ಞೆ ತಪ್ಪಿ ಚೇತರಿಸಿಕೊಂಡ ರೋಗಿಯನ್ನು ಬೈಕಿನಲ್ಲೋ ಬಸ್ಸಿನಲ್ಲೋ ಕರೆದೊಯ್ಯದೆ 108 ಆಂಬುಲೆನ್ಸ್‌ಗೆ ಕರೆ ಮಾಡಬೇಕು. ಬಿಪಿಎಲ್ ಕುಟುಂಬದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವಿನ ಬಗ್ಗೆ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಪಡಿತರ ಚೀಟಿ, ಆಧಾರ್ ಜೊತೆಗಿರಲಿ.