ದನಗಳ ಆಹಾರದಲ್ಲಿ ಗಂಧಕ: ಮೇವು ಮತ್ತು ನೀರಿನ ಲೆಕ್ಕ

ಗಂಧಕವು ಜಾನುವಾರುಗಳಿಗೆ ಅವಶ್ಯವಾದ ಖನಿಜ. ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಾಣುಜೀವಿಗಳು ಇದನ್ನು ಬಳಸಿಕೊಂಡು ಮೆಥಿಯೋನಿನ್, ಸಿಸ್ಟೀನ್ ಎಂಬ ಅಮೈನೋ ಆಮ್ಲಗಳನ್ನೂ ಥಯಾಮಿನ್, ಬಯೋಟಿನ್ ಎಂಬ ಜೀವಸತ್ವಗಳನ್ನೂ ತಯಾರಿಸುತ್ತವೆ. ಆಹಾರದ ಒಣ ಅಂಶದಲ್ಲಿ ಬೆಳೆಯುವ ದನಗಳಿಗೆ ಶೇ. 0.15 ಹಾಗೂ ಹಾಲು ಕರೆಯುವ ಹಸುಗಳಿಗೆ ಶೇ. 0.20ರಷ್ಟು ಗಂಧಕವಿದ್ದರೆ ಸಾಕು.

ಕೊರತೆ ಕಂಡುಬರುವುದು ಅಪರೂಪ. ಭತ್ತದ ಹುಲ್ಲೇ ಮುಖ್ಯ ಮೇವಾಗಿದ್ದು, ಅದಕ್ಕೆ ಯೂರಿಯಾ ಉಪಚಾರ ಮಾಡಿ ತಿನ್ನಿಸುವಾಗ ಮಾತ್ರ ಇದರ ಕಡೆಗೆ ಗಮನ ಹರಿಸಿ. ಹತ್ತು ಭಾಗ ಸಾರಜನಕಕ್ಕೆ ಒಂದು ಭಾಗ ಗಂಧಕ ಇಲ್ಲದಿದ್ದರೆ ಸೂಕ್ಷ್ಮಾಣುಜೀವಿಗಳು ಯೂರಿಯಾವನ್ನು ಪೂರ್ಣವಾಗಿ ಬಳಸಿಕೊಳ್ಳಲಾರವು. 100 ಗ್ರಾಂ ಯೂರಿಯಾದಲ್ಲಿ 46 ಗ್ರಾಂ ಸಾರಜನಕವಿರುವುದರಿಂದ ಸುಮಾರು 4.5 ಗ್ರಾಂ ಗಂಧಕ ಬೇಕಾಗುತ್ತದೆ. ಕಾಕಂಬಿ ಸೇರಿಸಿದ್ದರೆ ಇದರ ಒಂದು ಪಾಲು ಅದರಿಂದಲೇ ದೊರೆಯುತ್ತದೆ.

ಹೆಚ್ಚು ಎಚ್ಚರ ಬೇಕಿರುವುದು ಅಧಿಕ ಗಂಧಕದ ವಿಷಯದಲ್ಲಿ. ದಾಣಿಯೇ ಪ್ರಧಾನವಾದ ಆಹಾರದಲ್ಲಿ ಇದು ಶೇ. 0.30ನ್ನೂ, ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ನಾರಿನ ಮೇವಿರುವ ಆಹಾರದಲ್ಲಿ ಶೇ. 0.50ನ್ನೂ ಮೀರಬಾರದು. ಮೆಕ್ಕೆಜೋಳ ಮತ್ತು ಅಕ್ಕಿಯಿಂದ ಎಥೆನಾಲ್ ತಯಾರಿಸುವ ಕಾರ್ಖಾನೆಗಳ ಉಪ ಉತ್ಪನ್ನವಾದ ಡಿ.ಡಿ.ಜಿ.ಎಸ್. ಈಗ ಹಿಂಡಿಯ ಬದಲಿಗೆ ಬಳಕೆಗೆ ಬಂದಿದೆ. ಇದು ಉತ್ತಮ ಸಸಾರಜನಕದ ಮೂಲವೇ ಹೌದು. ಆದರೆ ತಯಾರಿಕೆಯಲ್ಲಿ ಗಂಧಕಾಮ್ಲ ಬಳಸುವುದರಿಂದ ಗಂಧಕದ ಪ್ರಮಾಣ ಶೇ. 0.3ರಿಂದ 1ರವರೆಗೂ ಏರಿಳಿಯುತ್ತದೆ. ಒಂದೇ ಕಾರ್ಖಾನೆಯ ಎರಡು ಲೋಡುಗಳಲ್ಲೂ ಸಮನಾಗಿರುವುದಿಲ್ಲ. ಕಾಕಂಬಿ, ಸಾಸಿವೆ ಹಿಂಡಿ, ಮಾರುಕಟ್ಟೆಯಿಂದ ತರುವ ಎಲೆಕೋಸು ಮತ್ತು ಹೂಕೋಸಿನ ಎಲೆಗಳಲ್ಲಿಯೂ ಗಂಧಕ ಹೆಚ್ಚು.

ನೀರನ್ನು ಲೆಕ್ಕಕ್ಕೆ ಸೇರಿಸದಿರುವುದೇ ಬಹುತೇಕ ಕಡೆ ಆಗುವ ತಪ್ಪು. ಕೊಳವೆಬಾವಿ ನೀರಿನ ಪರೀಕ್ಷಾ ವರದಿಯಲ್ಲಿ ಸಲ್ಫೇಟ್ ಎಂದು ಬರೆದಿರುವ ಅಂಕಿಯನ್ನು ಮೂರರಿಂದ ಭಾಗಿಸಿದರೆ ಗಂಧಕದ ಪ್ರಮಾಣ ಸಿಗುತ್ತದೆ. 300 ಕಿ.ಗ್ರಾಂ. ತೂಕದ ಹಸುವೊಂದು ದಿನಕ್ಕೆ 7 ಕಿ.ಗ್ರಾಂ. ಒಣ ಅಂಶ ತಿಂದು ಬೇಸಿಗೆಯಲ್ಲಿ 40 ಲೀಟರ್ ನೀರು ಕುಡಿಯುತ್ತದೆ ಎಂದುಕೊಳ್ಳಿ. ಲೀಟರಿಗೆ 900 ಮಿ.ಗ್ರಾಂ. ಸಲ್ಫೇಟ್ ಇದ್ದರೆ ನೀರಿನಿಂದಲೇ 12 ಗ್ರಾಂ ಗಂಧಕ ದೇಹ ಸೇರುತ್ತದೆ. ಶೇ. 0.7 ಗಂಧಕವಿರುವ ಡಿ.ಡಿ.ಜಿ.ಎಸ್. 1.5 ಕಿ.ಗ್ರಾಂ. ಕೊಟ್ಟರೆ ಅದರಿಂದ 10.5 ಗ್ರಾಂ, ಶೇ. 0.15 ಇರುವ ಉಳಿದ 5.5 ಕಿ.ಗ್ರಾಂ. ಮೇವಿನಿಂದ ಸುಮಾರು 8 ಗ್ರಾಂ. ಒಟ್ಟು 30 ಗ್ರಾಂ ದಾಟಿತು, ಅಂದರೆ ಶೇ. 0.44. ಚಳಿಗಾಲದಲ್ಲಿ ನೀರು ಕಡಿಮೆ ಕುಡಿಯುವುದರಿಂದ ಇದೇ ಆಹಾರದಿಂದ ಅಷ್ಟು ಅಪಾಯವಿಲ್ಲ. ಮೇವು ಕಡಿಮೆಯಾಗಿ ದಾಣಿ ಹೆಚ್ಚಾಗುವ ಬೇಸಿಗೆಯಲ್ಲಿ ಮಾತ್ರ ಮಿತಿ ಮೀರುತ್ತದೆ. ಇಂತಹ ನೀರಿದ್ದರೆ ಡಿ.ಡಿ.ಜಿ.ಎಸ್. ಪ್ರಮಾಣವನ್ನು ಅರ್ಧಕ್ಕಿಳಿಸಿ, ಮಳೆಯ ಅಥವಾ ಕೆರೆಯ ನೀರು ದೊರೆತರೆ ಮೊದಲು ಕರುಗಳಿಗೆ ಒದಗಿಸಿ.

ಹೆಚ್ಚುವರಿ ಗಂಧಕವು ದೊಡ್ಡ ಹೊಟ್ಟೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲವಾಗುತ್ತದೆ. ದಾಣಿ ಹೆಚ್ಚಾಗಿ ಹೊಟ್ಟೆಯಲ್ಲಿ ಆಮ್ಲೀಯತೆ ಏರಿದಷ್ಟೂ ಈ ಅನಿಲ ಹೆಚ್ಚು. ತೇಗಿನೊಡನೆ ಹೊರಬಂದ ಅನಿಲವನ್ನು ದನವು ಮತ್ತೆ ಉಸಿರಾಡಿದಾಗ ಅದು ಶ್ವಾಸಕೋಶದ ಮೂಲಕ ರಕ್ತಕ್ಕೆ ಸೇರಿ ಮೆದುಳಿನ ಅಂಗಾಂಶವನ್ನು ಕೊಳೆಸುತ್ತದೆ. ಆಹಾರ ಬದಲಿಸಿದ ಎರಡರಿಂದ ನಾಲ್ಕು ವಾರಗಳ ಅವಧಿ ಅತ್ಯಂತ ಅಪಾಯಕರ. ಆದ್ದರಿಂದ ಹೊಸ ಆಹಾರವನ್ನು ಮೂರು ವಾರಗಳಲ್ಲಿ ಹಂತಹಂತವಾಗಿ ರೂಢಿಸಿ. ಮೇವು ಬಿಡುವುದು, ಗುಂಪಿನಿಂದ ದೂರ ನಿಲ್ಲುವುದು, ಕಣ್ಣು ಸರಿಯಾಗಿ ಕಂಡರೂ ದೃಷ್ಟಿ ಇಲ್ಲದೆ ಕಂಬಕ್ಕೆ ಡಿಕ್ಕಿ ಹೊಡೆಯುವುದು, ಗೋಡೆಗೆ ತಲೆ ಒತ್ತುವುದು, ಕತ್ತು ಹಿಂದಕ್ಕೆ ಸೆಟೆಯುವುದು, ಸೆಳವು ಇವು ಲಕ್ಷಣಗಳು. ಕೂಡಲೇ ಆ ಆಹಾರ ಮತ್ತು ನೀರನ್ನು ನಿಲ್ಲಿಸಿ ಪಶುವೈದ್ಯರನ್ನು ಕರೆಯಿರಿ. ಆರಂಭದಲ್ಲೇ ಥಯಾಮಿನ್ ಚುಚ್ಚುಮದ್ದು ದೊರೆತರೆ ಹಲವು ದನಗಳು ಚೇತರಿಸಿಕೊಳ್ಳುತ್ತವೆ. ಹುಚ್ಚುನಾಯಿ ರೋಗದಲ್ಲೂ ಇಂತಹ ವರ್ತನೆ ಕಾಣಬಹುದಾದ್ದರಿಂದ ವೈದ್ಯರು ಪರೀಕ್ಷಿಸುವವರೆಗೆ ದನದ ಬಾಯಿಗೆ ಕೈ ಹಾಕಬೇಡಿ, ಔಷಧಿ ಕುಡಿಸಬೇಡಿ.

ಮಿತಿಯೊಳಗಿನ ಗಂಧಕವೂ ತಾಮ್ರವನ್ನು ಹಿಡಿದಿಡುತ್ತದೆ. ಮಾಲಿಬ್ಡಿನಂ ಜೊತೆಗಿದ್ದರೆ ಇನ್ನಷ್ಟು. ಕಪ್ಪು ಕೂದಲು ಕೆಂಪಾಗಿ ಮಾಸುವುದು, ಬೆದೆಗೆ ತಡವಾಗಿ ಬರುವುದು ಇದರ ಸೂಚನೆ. ಮೈಲುತುತ್ತನ್ನು ಅಂದಾಜಿನಲ್ಲಿ ಕೊಡಬೇಡಿ. ಜೊತೆಗೆ ಕುರಿಗಳಿದ್ದರಂತೂ ಅಧಿಕ ತಾಮ್ರ ಅವುಗಳಿಗೆ ಮಾರಕ.

ದ್ರಾಕ್ಷಿ ತೋಟಕ್ಕೆ ತಂದ ಗಂಧಕದ ಪುಡಿಯ ಚೀಲಗಳನ್ನು ಕೊಟ್ಟಿಗೆಯಲ್ಲಿ ಇಡಬೇಡಿ. ಕಜ್ಜಿ, ಉಣ್ಣೆಗಳ ನಿವಾರಣೆಗೆಂದು ಅದನ್ನು ದಾಣಿಯಲ್ಲಿ ಬೆರೆಸುವ ಪದ್ಧತಿಯನ್ನೂ ಬಿಟ್ಟುಬಿಡಿ.