ಹೊಸ ವಹಿಗೆ ಏರದ ಹೆಸರುಗಳು

ಬಂಡ್ರಿಯಲ್ಲಿ ನಮ್ಮಪ್ಪ ಕಿರಾಣಿ ಅಂಗಡಿ ಇಟ್ಟಿದ್ದ ಕಾಲದಲ್ಲಿ ಅಂಗಡಿಯ ವರ್ಷ ಜನವರಿಗೆ ಹುಟ್ಟುತ್ತಿರಲಿಲ್ಲ, ಏಪ್ರಿಲ್‌ಗೂ ಇಲ್ಲ, ಯುಗಾದಿಗೂ ಇಲ್ಲ. ದೀಪಾವಳಿ ಅಮಾವಾಸ್ಯೆಯ ರಾತ್ರಿ ಹಳೆ ವಹಿ ಮುಚ್ಚಿ ಪಾಡ್ಯದ ದಿನ ಹೊಸದನ್ನು ತೆರೆದರೆ ಅಲ್ಲಿಂದ ನಮಗೆ ವರ್ಷ. ಅದಕ್ಕೆ ಕಾರಣ ಪಂಚಾಂಗಕ್ಕಿಂತ ಹೆಚ್ಚಾಗಿ ಶೇಂಗಾ. ಸಂಡೂರು ತಾಲ್ಲೂಕಿನ ನಮ್ಮ ಕಡೆ ಮಳೆ ನಂಬಿದ ಬೇಸಾಯ. ಮುಂಗಾರಿಗೆ ಬಿತ್ತಿದ ಶೇಂಗಾ ಕಿತ್ತು, ಬಿಡಿಸಿ, ಒಣಗಿಸಿ ಪೇಟೆಗೆ ಹೋಗುವ ಹೊತ್ತಿಗೆ ದೀಪಾವಳಿ ಬಂದಿರುತ್ತಿತ್ತು. ಬಿತ್ತಿಗೆಯಿಂದ ಅಲ್ಲಿಯವರೆಗೂ ಉಪ್ಪು, ಎಣ್ಣೆ, ಬೆಲ್ಲ, ಬೀಡಿ ಎಲ್ಲ ಉದ್ರಿ. "ಸಾವ್ಕಾರ್ರೆ, ಶೇಂಗಾ ಕಿತ್ತ ಮ್ಯಾಲೆ ಮುಟ್ಟಿಸ್ತೀನ್ರಿ" ಅನ್ನುವ ಮಾತೇ ಕಾಗದ ಪತ್ರ.

ಆದರೆ ಅಂಗಡಿಯ ಕೆಲಸ ಅದಕ್ಕೂ ಮೊದಲೇ, ಬಿರುಬೇಸಿಗೆಯಲ್ಲಿ, ಮಾಳಿಗೆ ಮೇಲಿಂದ ಶುರು. ನಮ್ಮದು ಮಣ್ಣಿನ ಮಾಳಿಗೆ. ತೊಲೆ, ಜಂತೆ, ಮೇಲೆ ಕಟ್ಟಿಗೆ ಸೀಳು, ಅದರ ಮೇಲೆ ದಪ್ಪನೆ ಮಣ್ಣು. ರೋಹಿಣಿ ಮಳೆ ಬೀಳುವ ಮುಂಚೆ ಸವುಳು ಮಣ್ಣು ತಂದು ಹರಡಲೇಬೇಕು. ಆ ಉಪ್ಪು ಮಣ್ಣಿನ ಗುಣ ದೊಡ್ಡದು: ಮೊದಲ ಹನಿ ಬಿದ್ದೊಡನೆ ನುಣ್ಣಗೆ ಕರಗಿ ಸಂದಿಗೊಂದಿಗೆ ಇಳಿದು ಮುಚ್ಚಿಕೊಳ್ಳುತ್ತದೆ, ಆಮೇಲೆ ಬಿದ್ದ ನೀರು ಕೆಳಗಿಳಿಯದೆ ದೋಣಿಯ ಕಡೆಗೆ ಹರಿಯುತ್ತದೆ. ಅದರಲ್ಲಿ ಹುಲ್ಲು ಸುಲಭಕ್ಕೆ ಹುಟ್ಟುವುದಿಲ್ಲ, ಹಾಗಾಗಿ ಬೇರು ಬಿಟ್ಟು ತೂತಾಗುವ ಭಯವೂ ಕಡಿಮೆ. ನಾನು ಏಳನೇ ತರಗತಿಯಲ್ಲಿದ್ದ ವರ್ಷ ಅವ್ವನಿಗೆ ಹುಷಾರಿಲ್ಲದೆ ಆ ಕೆಲಸ ತಪ್ಪಿತು. ಜುಲೈನಲ್ಲಿ ಒಂದು ರಾತ್ರಿ ಬೆಲ್ಲದ ಪೆಂಟಿಗಳ ಮೇಲೇ ಸೋರಿತು. ಹೊಸಪೇಟೆ, ಕಂಪ್ಲಿ ಕಡೆಯ ಬೆಲ್ಲ ಅದು, ವಿಜಯನಗರದ ಅರಸರು ತೆಗೆಸಿದ ಕಾಲುವೆ ನೀರಿನ ಕಬ್ಬಿನದು. ಬೆಳಗ್ಗೆ ನೋಡಿದರೆ ಕಂದು ಪಾಕ ಹೊಸ್ತಿಲು ದಾಟಿ ಬಂದಿತ್ತು, ಇರುವೆ ಸಾಲುಗಟ್ಟಿದ್ದವು. ಅಪ್ಪ ಬಯ್ಯಲಿಲ್ಲ. ಒಳಗೆ ಹೋಗಿ ಅವ್ವನ ಹಣೆ ಮುಟ್ಟಿ ನೋಡಿ ಬಂದ.

ಮಳೆಗಾಲವೆಲ್ಲ ಹುಳುವಿನ ಕೂಡ ಗುದ್ದಾಟ. ಬಿಸಿಲು ಬಂದ ದಿನ ತೊಗರಿ, ಹೆಸರು ಅಂಗಳಕ್ಕೆ. ಡಬ್ಬಿಗಳ ತಳಕ್ಕೆ ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪು. ಉಪ್ಪಿನ ಚೀಲ ಹಲಗೆ ಮೇಲೆ, ಬೆಲ್ಲದಿಂದ ದೂರ.

ದಸರೆಯ ಆಯುಧ ಪೂಜೆಗೆ ತಕ್ಕಡಿಯ ಸರದಿ. ಹಿತ್ತಾಳೆ ತಟ್ಟೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುವುದು ನನ್ನ ಪಾಲು. ತಟ್ಟೆಯ ಅಡಿಗೆ ಒಂದು ಎಳೆ ಹುಣಸೆ ಅಂಟಿಕೊಂಡಿದ್ದರೂ ಅಪ್ಪ ಬೆರಳಾಡಿಸಿ ಹುಡುಕುತ್ತಿದ್ದ. ಆಮೇಲೆ ಬರಿ ತಕ್ಕಡಿ ಎತ್ತಿ, ನಡುವಿನ ನಾಲಿಗೆ ನೆಟ್ಟಗೆ ನಿಲ್ಲುವವರೆಗೆ ಉಸಿರು ಹಿಡಿದು ನೋಡುತ್ತಿದ್ದ. ಕಬ್ಬಿಣದ ಬೊಟ್ಟುಗಳನ್ನು ಮಾತ್ರ ನನ್ನ ಕೈಗೆ ಕೊಡುತ್ತಿರಲಿಲ್ಲ. ಪ್ರತಿ ಬೊಟ್ಟಿನಲ್ಲೂ ಒಂದು ಗುಳಿ, ಅದರಲ್ಲಿ ಸೀಸ, ಸೀಸದ ಮೇಲೆ ಸರ್ಕಾರದ ಮುದ್ರೆ. ಜೋರಾಗಿ ತಿಕ್ಕಿದರೆ ಮುದ್ರೆ ಸವೆದು ಬೊಟ್ಟು ಕಳ್ಳ ಬೊಟ್ಟಾಗುತ್ತದೆ. ಎಣ್ಣೆ ಬಟ್ಟೆಯಿಂದ ಸುತ್ತ ಒರೆಸಿ, ಸೀಸದ ಹತ್ತಿರ ಬಂದಾಗ ಕೈ ಹಗುರ ಮಾಡುತ್ತಿದ್ದ. ತಾತನ ಕಾಲದಲ್ಲಿ ಎಲ್ಲ ಸೇರು, ಅಚ್ಚೇರು, ಪಾವು, ಚಟಾಕು. 1957ರ ಏಪ್ರಿಲ್‌ನಲ್ಲಿ ಆಣೆ ಹೋಗಿ ನಯಾ ಪೈಸೆ ಬಂತು, ಮರುವರ್ಷ ಅಕ್ಟೋಬರ್‌ನಿಂದ ಕಿಲೋ ಬರತೊಡಗಿತು. ಹದಿನಾರರ ಲೆಕ್ಕ ಬಾಯಲ್ಲೇ ಇದ್ದ ತಾತನಿಗೆ ನೂರರ ಲೆಕ್ಕ ಒಗ್ಗಲು ವರ್ಷಗಳೇ ಹಿಡಿದವಂತೆ. ಮಂಡಕ್ಕಿ ಮಾತ್ರ ಈಗಲೂ ಸೇರಿನ ಲೆಕ್ಕದಲ್ಲೇ ಹೋಗುತ್ತದೆ.

ದೀಪಾವಳಿಗೆ ಎಂಟು ದಿನ ಇರುವಾಗ ಅಂಗಡಿಯನ್ನು ಪೂರ್ತಿ ಹೊರಗೆ ಹಾಕುತ್ತಿದ್ದೆವು. ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ ಸಾರಣೆ. ಗಲ್ಲಾಪೆಟ್ಟಿಗೆಯ ಸಂದಿನಿಂದ ಸವೆದ ನಾಣ್ಯಗಳು ಸಿಗುತ್ತಿದ್ದವು, ಅವು ನಮಗೆ. ಅಮಾವಾಸ್ಯೆ ಸಂಜೆ ಲಕ್ಷ್ಮೀಪೂಜೆ ಮುಗಿದ ಮೇಲೆ, ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಹೊಸ ವಹಿಗೆ ಅರಿಸಿನ ಕುಂಕುಮ ಹಚ್ಚಿ ಅಪ್ಪ ಕೂರುತ್ತಿದ್ದ. ಪಕ್ಕದಲ್ಲಿ ಹಳೆಯದು. ಬಾಕಿ ಉಳಿದ ಒಂದೊಂದೇ ಹೆಸರನ್ನು ಹಳೆಯದರಿಂದ ಓದಿ ಹೊಸದಕ್ಕೆ ಇಳಿಸುವುದು. ಓದಿದ ಹೆಸರೆಲ್ಲ ಬರೆಯುತ್ತಿರಲಿಲ್ಲ. ಗಂಡ ತೀರಿಕೊಂಡವಳದು, ಎತ್ತು ಸತ್ತವನದು, ಊರು ಬಿಟ್ಟು ದುಡಿಯಲು ಹೋದ ಮನೆಯದು ಬಂದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತು ಹಾಳೆ ತಿರುವಿಬಿಡುತ್ತಿದ್ದ. ಯಾರಿಗೂ ಹೇಳುತ್ತಿರಲಿಲ್ಲ, ಅವರಿಗೂ.

ಇದು ನಮ್ಮ ಮನೆಯದೇ ಪದ್ಧತಿ ಅಂತ ಹೇಳಲಾರೆ. ಕಾಗದದ ವಹಿಗೂ ಮುಂಚೆ ಕನ್ನಡ ನಾಡಿನ ವ್ಯಾಪಾರಿಗಳು ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಾಡಿ, ಬಳಪದಿಂದ ಬರೆಯುವುದು. ಒರೆಸಿ, ಮತ್ತೆ ಕಪ್ಪು ಬಳಿದರೆ ಅದೇ ಕಡತ ಹೊಸದು. ಗೋಡೆಗೆ ಸುಣ್ಣ ಬಳಿದಂತೆ ಲೆಕ್ಕಕ್ಕೂ ಬಳಿಯುತ್ತಿದ್ದರಲ್ಲ ಅಂತ ನನಗೆ ಬಹಳ ಅನ್ನಿಸುತ್ತದೆ. ಈಗ ಕಡತ ಅನ್ನುವ ಹೆಸರು ಕಚೇರಿಯ ಫೈಲಿಗೆ ಉಳಿದಿದೆ. ಕಾರ್ತಿಕದ ಹೊಸ ವರ್ಷವೂ ಹಳೆಯದೇ. 1520ರ ಸುಮಾರಿಗೆ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯ ವೈಭವ ಬಣ್ಣಿಸಿದ ಮೇಲೆ, ಈ ಜನ ಅಕ್ಟೋಬರ್‌ನಲ್ಲಿ ಅಮಾವಾಸ್ಯೆ ಕಳೆದು ವರ್ಷ ಶುರುಮಾಡುತ್ತಾರೆ, ಅಂದು ಹೊಸ ಬಟ್ಟೆ ಉಡುತ್ತಾರೆ ಎಂದು ಬರೆದಿಟ್ಟಿದ್ದಾನೆ. ವಿರೂಪಾಕ್ಷ ಬಜಾರಿನ ಕಲ್ಲಿನ ಸಾಲುಮಂಟಪಗಳ ಮುಂದೆ ನಿಂತಾಗೆಲ್ಲ ಅವನ ಮಾತು ನೆನಪಾಗುತ್ತದೆ.

ದೀಪಾವಳಿಯಿಂದ ಎಣಿಸುವ ಈ ವರ್ಷ ಮುರಿದದ್ದು ಕಾನೂನಿನಿಂದ. ಮೊದಲು ವ್ಯಾಪಾರಿಗಳು ಆದಾಯ ತೆರಿಗೆಗೆ ದೀಪಾವಳಿಯಿಂದ ದೀಪಾವಳಿಗೆ ಲೆಕ್ಕ ಕೊಡಬಹುದಿತ್ತು. 1989-90ರ ನಿರ್ಧಾರಣಾ ವರ್ಷದಿಂದ ಎಲ್ಲರಿಗೂ ಮಾರ್ಚ್ 31 ಎಂದಾಯಿತು. ನಮ್ಮಂಥ ಸಣ್ಣ ಅಂಗಡಿಗೆ ತೆರಿಗೆ ಇರಲಿಲ್ಲ. ಆದರೆ ನಾವು ಮಾಲು ತರುತ್ತಿದ್ದ ಹೋಲ್‌ಸೇಲ್‌ನವರು ಮಾರ್ಚ್‌ನಲ್ಲೇ ಬಾಕಿ ಕೇಳತೊಡಗಿದರು, ನಾವು ಊರವರನ್ನು ಕೇಳಬೇಕಾಯಿತು. ಮಾರ್ಚ್‌ನಲ್ಲಿ ಹೊಲವೂ ಬರಿದು, ಕೈಯೂ ಬರಿದು. ಕೊಡಲಾಗದವರು ನಮ್ಮ ಬೀದಿ ಬಿಟ್ಟು ಹಿಂದಿನ ದಾರಿಯಲ್ಲಿ ತಿರುಗಾಡಿದರು. ಅಪ್ಪ ಆ ವರ್ಷಗಳಲ್ಲಿ ಬೇಗ ಮುದುಕನಾದ.

ಆಮೇಲೆ ಗಣಿಯ ಅಬ್ಬರ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವವರೆಗೆ ಸಂಡೂರಿಂದ ತಂದ ಪ್ರತಿ ಚೀಲದ ಮೇಲೂ ಕೆಂಧೂಳಿ. ಸಕ್ಕರೆ ಪೊಟ್ಟಣ ಒರೆಸಿಯೇ ಕೊಡಬೇಕು. ವರ್ಷದ ಸುಣ್ಣ ಮೂರು ತಿಂಗಳಿಗೇ ಕೆಂಪಾಗುತ್ತಿತ್ತು.

ಈಗ ಮಾಳಿಗೆ ಜಾಗಕ್ಕೆ ಆರ್‌ಸಿಸಿ, ತಕ್ಕಡಿ ಜಾಗಕ್ಕೆ ಎಲೆಕ್ಟ್ರಾನಿಕ್ ಕಾಟಾ, ಅದಕ್ಕೆ ವರ್ಷಕ್ಕೊಮ್ಮೆ ಮುದ್ರೆ. ಉದ್ರಿ ಲೆಕ್ಕ ಮಗನ ಮೊಬೈಲಿನಲ್ಲಿ. ಅದು ಯಾರನ್ನೂ ಮರೆಯುವುದಿಲ್ಲ, ಬಾಕಿ ತಾನಾಗಿಯೇ ಮುಂದಿನ ವರ್ಷಕ್ಕೆ ಏರುತ್ತದೆ. ಹೋದ ದೀಪಾವಳಿಗೆ ನಾನು ಹೊಸಪೇಟೆಯಿಂದ ಕೆಂಪು ಬಟ್ಟೆಯ ವಹಿ ತಂದೆ. ಪೂಜೆ ಮುಗಿದ ಮೇಲೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಒಂದೊಂದೇ ಹೆಸರು ಓದಪ್ಪಾ" ಅಂದೆ. ಅವನು ಓದಿದ, ನಾನು ಬರೆದೆ. ನಾಲ್ಕು ಕಡೆ ನನ್ನ ಕೈ ನಿಂತಿತು. ಅವನು ನನ್ನ ಮುಖ ನೋಡಿದ, ಏನೂ ಕೇಳದೆ ಮುಂದಿನ ಹೆಸರು ಓದಿದ.